ಮಾಲೀಕ ಅಥವಾ ನಿವಾಸಿ

2015ರ ಮಳೆಗಾಲದಲ್ಲಿ, ಒಂದೇ ವಾರದ ಅಂತರದಲ್ಲಿ, ಥಾಣೆ ಜಿಲ್ಲೆಯ ಎರಡು ಹಳೆಯ ಕಟ್ಟಡಗಳು ರಾತ್ರಿಯ ಹೊತ್ತಿನಲ್ಲಿ ಕುಸಿದವು. ಜುಲೈ 28ರಂದು ಡೊಂಬಿವಲಿಗೆ ಅಂಟಿಕೊಂಡಿರುವ ಠಾಕುರ್ಲಿಯಲ್ಲಿ 9 ಜನ, ಆಗಸ್ಟ್ 4ರಂದು ಥಾಣೆಯ ನೌಪಾಡಾದ ಕೃಷ್ಣ ನಿವಾಸದಲ್ಲಿ 12 ಜನ ಮೃತಪಟ್ಟರು. ಇಂಥ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿಬರುತ್ತದೆ: ಬೀಳುವ ಮನೆಯೆಂದು ಕಣ್ಣಿಗೆ ಕಾಣುತ್ತಿದ್ದರೂ ಜನ ಅಲ್ಲೇಕೆ ಇರುತ್ತಾರೆ? ಪ್ರಶ್ನೆಯಲ್ಲಿ ಒಂದಿಷ್ಟು ತಿರಸ್ಕಾರವೂ ಬೆರೆತಿರುತ್ತದೆ. ಉತ್ತರವನ್ನು ನಾವು ಬಾಡಿಗೆ ಕಾನೂನಿನ ಚರಿತ್ರೆಯಲ್ಲಿ ಹುಡುಕಬೇಕಾಗಿದೆ.

1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾನೂನು 1940ರ ಸೆಪ್ಟೆಂಬರ್‌ನ ಬಾಡಿಗೆಯನ್ನು ಅಳತೆಗೋಲಾಗಿ ಹಿಡಿದು ಅಲ್ಲಿಗೇ ನಿಲ್ಲಿಸಿತು. ಅನಂತರ ಕಟ್ಟಿದ ಮನೆಗಳಿಗೆ ಮೊದಲ ಸಲ ಕೊಟ್ಟಾಗಿನ ಬಾಡಿಗೆಯೇ ಅಳತೆಯಾಯಿತು. ಬಾಡಿಗೆದಾರನಿಗೆ ಇದು ದೊಡ್ಡ ರಕ್ಷೆ. ಊರು ಬಿಟ್ಟು ಬಂದು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದ ನಮ್ಮವರು ಈ ಉಪನಗರಗಳಲ್ಲಿ ಸಂಸಾರ ಹೂಡಿದ್ದು ಇಂಥ ಬಾಡಿಗೆಯ ಬಲದಿಂದಲೇ. ಆದರೆ ಬೆಳೆಯದ ಬಾಡಿಗೆಯಿಂದ ಗೋಡೆಗೆ ಗಿಲಾವು ಬರುವುದಿಲ್ಲ. ಮಾಲೀಕ ದುರಸ್ತಿಯಿಂದ ಕೈ ತೊಳೆದುಕೊಂಡ. ತನ್ನ ಲಾಭವನ್ನು ಪಗಡಿಯ ಇಡಿಗಂಟಿನಲ್ಲಿ ಹುಡುಕಿಕೊಂಡ. ಹೀಗೆ ಹೆಪ್ಪುಗಟ್ಟಿದ ಬಾಡಿಗೆ ನ್ಯಾಯಸಮ್ಮತವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 1997ರ ಡಿಸೆಂಬರಿನಲ್ಲಿ, ಮಲ್ಪೆ ವಿಶ್ವನಾಥ ಆಚಾರ್ಯ ಮೊಕದ್ದಮೆಯಲ್ಲಿ. (ಮಲ್ಪೆಯ ಹೆಸರು ಮುಂಬಯಿಯ ಬಾಡಿಗೆಯ ಚರಿತ್ರೆಯಲ್ಲಿ ಹೀಗೆ ನಿಂತುಬಿಟ್ಟಿರುವುದು ಕರಾವಳಿಯ ಎಷ್ಟು ಜನಕ್ಕೆ ಗೊತ್ತಿದೆಯೋ!) ಆ ತೀರ್ಪಿನ ಹಿಂದೆಯೇ ಬಂದ 1999ರ ಕಾನೂನು ವರ್ಷಕ್ಕೆ ಶೇ. 4ರ ಏರಿಕೆಗೆ ಅವಕಾಶ ಕೊಟ್ಟಿತು, ಪಗಡಿಯನ್ನೂ ಸಕ್ರಮಗೊಳಿಸಿತು.

ಈ ಕಾನೂನಿನ 14ನೆಯ ಕಲಮು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಮನೆಯನ್ನು ವಾಸಯೋಗ್ಯವಾಗಿ ಇಡುವುದು ಮಾಲೀಕನ ಹೊಣೆ. ಬಾಡಿಗೆದಾರರು ಒಬ್ಬೊಬ್ಬರಾಗಿಯೋ ಒಟ್ಟಾಗಿಯೋ ನೋಟೀಸು ಕೊಟ್ಟು 15 ದಿನಗಳಾದರೂ ಆತ ಕದಲದಿದ್ದರೆ, ತಾವೇ ದುರಸ್ತಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಓದಲು ಬಹಳ ಉದಾರವಾಗಿದೆ. ಆದರೆ ಕೊನೆಯಲ್ಲೊಂದು ಷರತ್ತು: ಹಾಗೆ ಮುರಿದುಕೊಳ್ಳುವ ಮೊತ್ತ ಆ ವರ್ಷದ ಬಾಡಿಗೆಯ ಕಾಲು ಭಾಗವನ್ನು ಮೀರಕೂಡದು. ತಿಂಗಳಿಗೆ 100 ರೂಪಾಯಿ ಬಾಡಿಗೆಯಿರುವ ಕೋಣೆಯೆಂದು ಲೆಕ್ಕ ಹಾಕೋಣ. ವರ್ಷಕ್ಕೆ 300 ರೂಪಾಯಿ ದಕ್ಕುತ್ತದೆ. ತುಕ್ಕು ಹಿಡಿದ ಕಂಬಿಗೆ ಅಷ್ಟರಲ್ಲಿ ಬಣ್ಣವೂ ಬಾರದು.

ಮುಂಬಯಿ ದ್ವೀಪನಗರದ ಬಾಡಿಗೆದಾರನ ಸ್ಥಿತಿ ಇದಕ್ಕಿಂತ ಮೇಲು. ಅಲ್ಲಿ 1969ರ ಕಾನೂನು ಹಳೆಯ ಕಟ್ಟಡಗಳ ಮೇಲೆ ಸೆಸ್ ಹಾಕಿ ದುರಸ್ತಿ ಮಂಡಳಿಯೊಂದನ್ನು ಹುಟ್ಟುಹಾಕಿತು. 1986ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಶೇ. 70ರಷ್ಟು ನಿವಾಸಿಗಳು ಸಹಕಾರಿ ಸಂಘ ಕಟ್ಟಿಕೊಂಡರೆ ತಿಂಗಳ ಬಾಡಿಗೆಯ ನೂರು ಪಟ್ಟು ತೆತ್ತು ಕಟ್ಟಡವನ್ನೇ ಪಡೆಯಬಹುದೆಂದಿತು. ಮಾಲೀಕರು ಹೂಡಿದ ದಾವೆ 9 ನ್ಯಾಯಮೂರ್ತಿಗಳ ಪೀಠದವರೆಗೆ ಏರಿ, 2024ರ ನವೆಂಬರಿನಲ್ಲಿ ಆ ಪೀಠ ಸಂವಿಧಾನದ ಪ್ರಶ್ನೆಗೆ ಉತ್ತರ ಕೊಟ್ಟಿತು. ಅದೇನೇ ಇರಲಿ, ಸೆಸ್ಸು, ಮಂಡಳಿ, ಸಂಘದ ಹಕ್ಕು ಎಲ್ಲವೂ ಮಾಹಿಮ್ ಮತ್ತು ಸಾಯನ್‌ಗಳಲ್ಲಿ ನಿಂತುಬಿಡುತ್ತವೆ. ಥಾಣೆಯ ಬಾಡಿಗೆದಾರನಿಗೆ ಉಳಿಯುವುದು ಆ ಕಾಲು ಭಾಗವೇ.

ಇದಕ್ಕಿಂತಲೂ ದೊಡ್ಡದು ಇನ್ನೊಂದು ಭಯ. ಕಟ್ಟಡ ಉರುಳಿದರೆ ಬಾಡಿಗೆಯ ಹಕ್ಕೂ ಉರುಳುತ್ತದೆಯೇ? ಈ ಶತಮಾನದ ಆರಂಭದಲ್ಲಿ ಕೇರಳದ ಒಂದು ಅಂಗಡಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೌದೆಂದೇ ಹೇಳಿತ್ತು. ಆ ಮಾತು ನಿಂತಿರುವವರೆಗೆ ಶಿಥಿಲ ಮನೆಯನ್ನು ಖಾಲಿ ಮಾಡುವುದೆಂದರೆ ಪಗಡಿಯ ಗಂಟನ್ನೂ ನಗರದಲ್ಲಿನ ಒಂದೇ ನೆಲೆಯನ್ನೂ ಮಾಲೀಕನಿಗೆ ಒಪ್ಪಿಸಿ ಬಂದಂತೆ. 2014ರಲ್ಲಿ ಶಾಹಾ ರತನ್ಸಿ ಖೀಮ್ಜಿ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ ಆ ತೀರ್ಪನ್ನು ತಳ್ಳಿಹಾಕಿ, ಕಟ್ಟಡ ಹೋದರೂ ಬಾಡಿಗೆ ಸಂಬಂಧ ಉಳಿಯುತ್ತದೆ ಎಂದಿತು. ಅದೇ ವರ್ಷದ ಜೂನ್ 23ರಂದು ಮುಂಬಯಿ ಉಚ್ಚ ನ್ಯಾಯಾಲಯ, ಕೆಡವುವ ಮುನ್ನ ಪ್ರತಿ ನಿವಾಸಿಯ ಜಾಗವನ್ನು ಅಳೆದು ದಾಖಲಿಸಬೇಕೆಂದೂ, ಎಂಜಿನಿಯರುಗಳ ವರದಿಗಳು ಪರಸ್ಪರ ವಿರುದ್ಧವಾದರೆ ತಾಂತ್ರಿಕ ಸಮಿತಿ ಪರಿಶೀಲಿಸಬೇಕೆಂದೂ ಮುಂಬಯಿ ಪಾಲಿಕೆಗೆ ಮಾರ್ಗಸೂಚಿ ಕೊಟ್ಟಿತು. ನಮ್ಮ ದೃಷ್ಟಿಯಲ್ಲಿ ಇವೆರಡೂ ಜೀವ ಉಳಿಸುವ ತೀರ್ಪುಗಳು. ಆದರೆ ತೀರ್ಪು ಪುಸ್ತಕದಿಂದಿಳಿದು ಮೂರನೆಯ ಮಾಳಿಗೆಯ ಕೋಣೆಯನ್ನು ಮುಟ್ಟಲು ಕಾಲ ಹಿಡಿಯುತ್ತದೆ. ಠಾಕುರ್ಲಿ, ನೌಪಾಡಾಗಳ ಕುಸಿತ ಮರುವರ್ಷದ್ದು.

ಪಾಲಿಕೆಗಳ ಕಾನೂನಿನ 265ಎ ಕಲಮಿನಂತೆ 30 ವರ್ಷ ದಾಟಿದ ಕಟ್ಟಡವನ್ನು ನೋಂದಾಯಿತ ಎಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕಾದವರು 'ಮಾಲೀಕ ಅಥವಾ ನಿವಾಸಿ'. ಕಡತಗಳ ನಡುವೆ ಹಗಲು ಕಳೆಯುವ ನಮ್ಮಂಥವರಿಗೆ ಈ 'ಅಥವಾ' ಚೆನ್ನಾಗಿ ಪರಿಚಿತ. ಇಬ್ಬರ ಹೆಸರಿಗೂ ಬರೆದ ಕೆಲಸ ಯಾರದೂ ಅಲ್ಲದೆ ಹೋಗುತ್ತದೆ. ಹೊಣೆಯಲ್ಲಿ ನಿವಾಸಿಗೆ ಮಾಲೀಕನ ಜೊತೆ ಸಮಪಾಲು ಸಿಕ್ಕಿದೆ. ಹಣ ಮತ್ತು ನಿರ್ಧಾರಗಳಲ್ಲಿ ಸಿಕ್ಕಿಲ್ಲ.

ನವಿ ಮುಂಬಯಿಯಲ್ಲಿ ಕಥೆ ಬೇರೆ. 1970ರ ಮಾರ್ಚ್ 17ರಂದು ಹುಟ್ಟಿದ ಸಿಡ್ಕೊ ತಾನೇ ನಗರ ರೂಪಿಸಿ, ತಾನೇ ಮನೆ ಕಟ್ಟಿ, ನೆಲವನ್ನು ಭೋಗ್ಯಕ್ಕೆ ಕೊಟ್ಟಿತು. ವಾಶಿಯ ಆ ಮನೆಗಳಲ್ಲಿ ಕೆಲವು ಒಂದು ತಲೆಮಾರಿನೊಳಗೇ ಗಿಲಾವು ಉದುರಿಸತೊಡಗಿದವು. ಅಲ್ಲಿನವರು ಮನೆಯ ಒಡೆಯರು, ಸಂಘಗಳೂ ಇದ್ದವು. ಆದರೂ ಮರುನಿರ್ಮಾಣಕ್ಕೆ ಸಾಲುವಷ್ಟು ಎಫ್‌ಎಸ್‌ಐಗಾಗಿ 2015ರವರೆಗೆ ಕಾಯಬೇಕಾಯಿತು.

ಹಾಗಾದರೆ ನಿವಾಸಿಯ ಮಾತಿಗೆ ಕಿವಿಗೊಡುವ ವ್ಯವಸ್ಥೆ ಎಲ್ಲಾದರೂ ಇದೆಯೇ? ಲಂಡನ್ನಿನ ಗ್ರೆನ್‌ಫೆಲ್ ಟವರಿನ ನಿವಾಸಿಗಳು ಅಪಾಯದ ಬಗ್ಗೆ ಬರೆದು ಎಚ್ಚರಿಸಿದ್ದರು, ಯಾರೂ ಗಮನಿಸಲಿಲ್ಲ. 2017ರ ಜೂನ್ 14ರ ಬೆಂಕಿಗೆ 72 ಜನ ಬಲಿಯಾದರು. ಸಾರ್ವಜನಿಕ ಬಾಡಿಗೆ ಮನೆಗಳ ಸುರಕ್ಷತೆಯನ್ನು ಬಿಗಿಗೊಳಿಸುವ ಕಾನೂನು 2023ರಲ್ಲಿ ಬಂತು. ಅಂದರೆ ಸಿರಿವಂತ ದೇಶದಲ್ಲೂ ಹೆಣಗಳು ಬಿದ್ದ ಮೇಲೆಯೇ. ನಮ್ಮಲ್ಲಿ ಅಷ್ಟೂ ಆಗಿಲ್ಲ. 2013ರ ಏಪ್ರಿಲ್ 4ರಂದು ಥಾಣೆಯ ಶೀಲ್‌ಫಾಟಾದಲ್ಲಿ ಪರವಾನಗಿಯಿಲ್ಲದೆ ಎದ್ದ ಕಟ್ಟಡ ಬಿದ್ದು 74 ಜನ ಸತ್ತರು. ಅದಕ್ಕೆ 30 ವರ್ಷದ ನಿಯಮ ಅನ್ವಯಿಸುವಂತೆಯೇ ಇರಲಿಲ್ಲ. ಮೇಲಿನ ಅಂತಸ್ತು ಏಳುತ್ತಿರುವಾಗಲೇ ಕೆಳಗೆ ಸಂಸಾರಗಳು ನೆಲೆಸಿದ್ದವು.

2025ರ ಮೇ 20ರಂದು ಕಲ್ಯಾಣ್ ಪೂರ್ವದ ಸಪ್ತಶೃಂಗಿ ಕಟ್ಟಡದ ನಾಲ್ಕನೆಯ ಮಾಳಿಗೆಯ ಒಂದು ಮನೆಯಲ್ಲಿ ನೆಲಹಾಸಿನ ಕೆಲಸ ನಡೆಯುತ್ತಿತ್ತು. ಅಲ್ಲಿನ ಸ್ಲ್ಯಾಬು ಕುಸಿದು, ಕೆಳಗಿನ ಸ್ಲ್ಯಾಬುಗಳನ್ನೂ ಎಳೆದುಕೊಂಡು ಇಳಿಯಿತು. 6 ಜನ ಸತ್ತರು. ಒಂದು ಮನೆಯ ನೆಲ ಅಗೆಯುವ ಮುನ್ನ ಅದರ ಕೆಳಗೆ ಇರುವವರನ್ನು ಕೇಳಬೇಕೆಂಬ ರೂಢಿ ನಮ್ಮ ಕಟ್ಟಡಗಳಲ್ಲಿ ಇನ್ನೂ ಹುಟ್ಟಿಲ್ಲ.