ಸೋವಿ

ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿದರೆ ‘ಅಗ್ಗ’ ಎಂಬ ಮಾತು ಕಿವಿಗೆ ಬೀಳುವುದು ಅಪರೂಪ. ಅಗ್ಗ ನಮ್ಮ ಕಡೆ ಓದಿನ ಮಾತು, ಬಾಯಲ್ಲಿ ಇರುವುದು ಸೋವಿ. ‘ಸೋವಿ ಹಚ್ಚೀನ್ರಿ ಅಕ್ಕಾರ, ತಗೊಂಡ ಹೋಗ್ರಿ’ ಎಂದು ಕರೆದರೆ ಕಾಲು ತಾನಾಗಿ ನಿಲ್ಲುತ್ತದೆ. ಇದರ ಜೋಡಿ ಮಾತು ತುಟ್ಟಿ. ಇಬ್ಬರಲ್ಲಿ ತುಟ್ಟಿಗೇ ಯೋಗ ಹೆಚ್ಚು. ತುಟ್ಟಿಭತ್ಯೆ ಎಂಬ ಹೆಸರಿನಲ್ಲಿ ಸರ್ಕಾರಿ ಆದೇಶದೊಳಗೆ ಸೇರಿ, ನೌಕರರ ಸಂಬಳದ ಚೀಟಿಯಲ್ಲಿ ಜಾಗ ಹಿಡಿಯಿತು. ಸೋವಿ ಸಂತೆಯಲ್ಲೇ ಉಳಿಯಿತು.

ಸಂತೆಯ ಆಚೆ ಅದರ ಅರ್ಥ ತಿರುವುಮುರುವಾಗುತ್ತದೆ. ‘ಆವಾಗ ಸೋವಿ ಕಾಲ’ ಎಂದು ಹಿರಿಯರು ನೆನೆಯುವಾಗ, ದುಡಿದ ಕೂಲಿಯಲ್ಲಿ ಮನೆಮಂದಿಯ ಹೊಟ್ಟೆ ತುಂಬುತ್ತಿತ್ತು ಎಂಬ ನೆಮ್ಮದಿ ಅದರಲ್ಲಿರುತ್ತದೆ. ಅದೇ ಮಾತನ್ನು ಜಗಳದಲ್ಲಿ ‘ನಾ ಏನ್ ಅಷ್ಟ ಸೋವಿ ಸಿಕ್ಕೀನೇನು?’ ಎಂದರೆ ಮಾನದ ಪ್ರಶ್ನೆ. ಸಾಮಾನಿಗೆ ಹೊಗಳಿಕೆಯಾದದ್ದು ಮನುಷ್ಯನಿಗೆ ಬೈಗುಳ.

ಈ ಊರಿನ ಅತಿ ದೊಡ್ಡ ಸೋವಿ ಮಾಲು ಶೆರ್ಜಾ ಬುರುಜಿನ ಮೇಲಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಗುತ್ತದೆ. ಬ್ರಿಟಿಷರು 1854ರಲ್ಲಿ ಅದನ್ನು ಲಿಲಾವಿಗೆ ಇಟ್ಟರು. (ಹರಾಜು ಅರಬ್ಬಿಯಿಂದ ಬಂದದ್ದು, ಲಿಲಾವು ಪೋರ್ಚುಗೀಸರಿಂದ. ನಮ್ಮ ಕಡೆ ಎರಡೂ ನಡೆಯುತ್ತವೆ.) ಕೂಗು ನಿಂತದ್ದು 150 ರೂಪಾಯಿಗೆ. ಲೆಕ್ಕ ಹಾಕಿದರೆ ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಕೊನೆಗೆ ಆ ಮಾರಾಟ ರದ್ದಾಯಿತು, ತೋಪು ನಮಗೆ ಉಳಿಯಿತು. ಅದನ್ನು ಇಲ್ಲಿಗೆ ಎಳೆದು ತರಲು ಹತ್ತು ಆನೆ, ನಾನೂರು ಎತ್ತು ಬೇಕಾದವು ಎಂದು ಹೇಳುತ್ತಾರೆ. 150 ಕೊಟ್ಟವನು ಬುರುಜಿನಿಂದ ಇಳಿಸುವುದಕ್ಕೆ ಎಷ್ಟು ಕೊಡಬೇಕಾಗುತ್ತಿತ್ತು? ಸೋವಿ ಎಂಬ ಮಾತು ಹೇಳದೆ ಬಿಡುವುದು ಇದನ್ನೇ. ಕೊಂಡದ್ದನ್ನು ಇಡಲು ಜಾಗ ಬೇಕು, ರಿಪೇರಿ ಬೇಕು, ಕರೆಂಟು ಬೇಕು. ಆ ಖರ್ಚು ಕೂಗಿನಲ್ಲಿ ಸೇರಿರುವುದಿಲ್ಲ.

ಈಗ ಲಿಲಾವು ಕೈಯೊಳಗಿನ ಮೊಬೈಲಿಗೇ ಬಂದಿದೆ. ಶೇ 60 ಕಡಿಮೆ ಎಂದು ಬರೆದಿರುತ್ತದೆ. ಯಾವುದರ ಮೇಲೆ ಕಡಿಮೆ? ಎಂಆರ್‌ಪಿ ಮೇಲೆ. ಎಂಆರ್‌ಪಿ ಎಂಬುದು ಮಾಲು ತಯಾರಿಸಿದವರೇ ಅಚ್ಚು ಹಾಕಿಸಿದ ಗರಿಷ್ಠ ಬೆಲೆ. ಅದನ್ನು ಮೊದಲೇ ಎತ್ತರದಲ್ಲಿ ಇಟ್ಟರೆ ಎಷ್ಟು ಬೇಕಾದರೂ ಇಳಿಸಬಹುದು. ಪೊಟ್ಟಣದ ಮೇಲೆ ಗ್ರಾಮಿಗೆ ಇಷ್ಟು ಎಂಬ ದರವೂ ಈಗೀಗ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಬೇಕಾದ್ದು ಅದನ್ನು.

ನಮ್ಮ ಮನೆಗಳಲ್ಲಿ ಕೊಳ್ಳುವ ಬುದ್ಧಿ ಇಲ್ಲದೆ ಇಲ್ಲ. ವರ್ಷದ ಜೋಳ ಕೊಳ್ಳುವ ಹೆಣ್ಣುಮಗಳನ್ನು ನೋಡಿ. ದರ ಆಮೇಲೆ. ಮೊದಲು ಕಾಳನ್ನು ಅಂಗೈಯಲ್ಲಿ ಹರವಿ ಬಣ್ಣ ನೋಡುತ್ತಾಳೆ, ಒಂದನ್ನು ಹಲ್ಲಿನಲ್ಲಿ ಕಡಿಯುತ್ತಾಳೆ, ಮೂಸುತ್ತಾಳೆ. ಅಷ್ಟಕ್ಕೂ ನಂಬಿಕೆ ಬರದಿದ್ದರೆ ಸೇರು ಜೋಳ ಒಯ್ದು, ಬೀಸಿಸಿ, ರೊಟ್ಟಿ ಬಡಿಯುತ್ತಾಳೆ. ಹಿಟ್ಟಿಗೆ ಜಿಗಿ ಇಲ್ಲದೆ ರೊಟ್ಟಿ ಹರಿದರೆ ಆ ಜೋಳ ಎಷ್ಟು ಸೋವಿಯಾದರೂ ಮನೆಗೆ ಬರುವುದಿಲ್ಲ. ‘ಅಗ್ಗದ ಮಾಲು ಮುಗ್ಗಿದ ಜೋಳ’ ಎಂಬ ಗಾದೆ ಇಂಥ ಕೈಗಳಿಂದಲೇ ಹುಟ್ಟಿರಬೇಕು. ಅವಳು ಕೇಳುವುದು ಎರಡೇ: ಮನೆಗೆ ಬೇಕೇನು? ಬಾಳಿಕೆ ಬರತದೇನು? ಬಾಳಿಕೆ ಎಂಬುದು ‘ಬಾಳು’ ಒಳಗಿರುವ ಮಾತು. ಜೋಳಕ್ಕೆ ತೋರಿಸುವ ಈ ಎಚ್ಚರವನ್ನು ಮಿಕ್ಸರಿಗೆ, ಫೋನಿಗೆ, ಮದುವೆ ಸೀರೆಗೆ ನಾವು ಯಾಕೆ ತೋರಿಸುವುದಿಲ್ಲ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಸೋವಿಗೆ ಇನ್ನೊಂದು ಮುಖವಿದೆ. ಅದನ್ನು ಕಾಣಲು ತಿಕೋಟಾ, ಬಬಲೇಶ್ವರದ ಕಡೆ ಹೋಗಬೇಕು. ಬೇಸಿಗೆ ಏರುವ ಹೊತ್ತಿಗೆ ಅಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ತುಂಬುತ್ತವೆ. ಸುಮಾರು 4 ಕೆ.ಜಿ. ಹಸಿ ದ್ರಾಕ್ಷಿ ಒಣಗಿದರೆ 1 ಕೆ.ಜಿ. ಕೈಗೆ ಬರುತ್ತದೆ. ನಡುವೆ ಅಕಾಲದ ಮಳೆ ಬಂದರೆ ಅದೂ ಕಪ್ಪಾಗುತ್ತದೆ. ಮಾಲು ವಿಜಯಪುರದ ಎಪಿಎಂಸಿಗೆ, ಇಲ್ಲವೇ ಗಡಿ ದಾಟಿ ತಾಸಗಾಂವ, ಸಾಂಗ್ಲಿಗೆ ಹೋಗುತ್ತದೆ. ದರ ಇಳಿದ ವರ್ಷ ಕೋಲ್ಡ್ ಸ್ಟೋರೇಜಿಗೆ ಬಾಡಿಗೆ ಕಟ್ಟಿ ಕಾಯಬೇಕು, ಸಾಲ ಇದ್ದವನಿಗೆ ಕಾಯಲೂ ಆಗದು. ಪೇಟೆಯಲ್ಲಿ ‘ಈ ಸಲ ಸೋವಿ ಆಗೇದ’ ಎಂದು ಚೀಲ ತುಂಬಿಸುವ ದಿನವೇ ತೋಟದಲ್ಲಿ ‘ರೇಟ ಬಿದ್ದದ’ ಎನ್ನುತ್ತಾರೆ. ದರ ಒಂದೇ, ಹೆಸರು ಎರಡು. ಬೆಳೆದವನು ತನ್ನ ಮಾಲನ್ನು ಸೋವಿ ಎನ್ನುವುದಿಲ್ಲ.

ರೊಕ್ಕ ಬಿಗಿಹಿಡಿಯುವುದನ್ನು ಎಲ್ಲರ ಮುಂದೆಯೂ ಒಂದೇ ಸಮ ಮಾಡಬೇಕಿಲ್ಲ. ಬೇಡದ್ದನ್ನು ಕೊಳ್ಳದೆ ಬಿಟ್ಟರೆ ನಿಜವಾಗಿ ಉಳಿಯುತ್ತದೆ. ಸೊಪ್ಪು ಮಾರುವವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಿದರೆ ಏನೂ ಉಳಿಯದು. ಮುಂದಿನ ಸೇಲ್ ಬಂದಾಗ ‘ಮನೆಗೆ ಬೇಕೇನು’ ಎಂದು ಕೇಳಿಕೊಂಡು ಒಂದು ರಾತ್ರಿ ತಡೆಯಿರಿ. ಹಾಗೆ ಉಳಿದ ರೊಕ್ಕದಲ್ಲಿ ತಿಕೋಟಾದ ರೈತರಿಂದ ನೇರವಾಗಿ ಎರಡು ಕಿಲೋ ಒಣದ್ರಾಕ್ಷಿ ಕೊಳ್ಳಿ, ಅವರು ಹೇಳಿದ ದರಕ್ಕೇ ಕೊಳ್ಳಿ.