ಗ್ರೂಪಲ್ಲಿ ಇಲ್ಲದೋರಿಗೆ ಸುದ್ದಿ ಮುಟ್ಟಿಸೋರು ಯಾರು?



ಸ್ವಲ್ಪ ಉದ್ದದ ಬರಹ ಇದು, ಬಿಡುವು ಮಾಡ್ಕೊಂಡು ಓದಿ.

ಹೋದ ಭಾನುವಾರ ನಮ್ಮ ತಾಲ್ಲೂಕು ಸಮಿತಿ ಸಭೆಯಲ್ಲಿ ಎರಡು ಗಂಟೆ ಒಂದೇ ವಿಷಯದ ಮೇಲೆ ಚರ್ಚೆ ನಡೀತು. ಸಂಘಟನೆಯ ಸುದ್ದಿಗಳನ್ನ ಯಾವ ಆ್ಯಪ್‌ನಲ್ಲಿ ಕಳಿಸಬೇಕು? ಕಾಲೇಜು ಹುಡುಗರು "ವಾಟ್ಸಾಪ್ ಬಿಟ್ಟು ಸಿಗ್ನಲ್‌ಗೆ ಹೋಗೋಣ ಅಣ್ಣ, ಅದೇ ಸೇಫ್" ಅಂದ್ರು. ಹಿರಿಯರು "ವಾಟ್ಸಾಪ್ ಕಲಿಯೋಕೇ ಮೂರು ವರ್ಷ ಹಿಡೀತು, ಇನ್ನೊಂದು ಬ್ಯಾಡ್ರಪ್ಪ" ಅಂದ್ರು. ಒಬ್ಬರು ಟೆಲಿಗ್ರಾಂ ಅಂದ್ರು. ಅಲ್ಲಿ ನಾನು ಮಾತಾಡಿದ್ದನ್ನ ಬರೆದು ಹಾಕಿ ಅಂತ ಗೆಳೆಯರು ಕೇಳಿದ್ದಕ್ಕೆ ಈ ಪೋಸ್ಟ್. ನನ್ನ ತಪ್ಪಿಂದಲೇ ಶುರು ಮಾಡ್ತೀನಿ.

ಕಳೆದ ಸುಗ್ಗಿ ಸಮಯದ ಮಾತು. ನಮ್ಮೂರಿನ ದಲಿತರ ಸ್ಮಶಾನದ ಜಾಗ ಒತ್ತುವರಿ ಆಗಿದೆ, ಅಳತೆ ಮಾಡಿಕೊಡಿ ಅಂತ ಎರಡು ವರ್ಷದಿಂದ ಅರ್ಜಿ ಕೊಡ್ತಾ ಇದ್ವಿ. ಕೊನೆಗೂ ಸರ್ವೆಗೆ ದಿನ ಗೊತ್ತಾಯ್ತು. ನನಗೆ ತಿಳಿದದ್ದು ಹಿಂದಿನ ದಿನ ಸಂಜೆ. ಆಫೀಸಿಂದ ಬಂದು, ಊಟ ಮುಗಿಸಿ, ರಾತ್ರಿ ಒಂಬತ್ತೂವರೆಗೆ ಗ್ರೂಪಿಗೆ ಮೆಸೇಜ್ ಹಾಕಿದೆ. ನಲವತ್ತು ಜನ ನೋಡಿದ್ರು, ಹದಿನೈದು ಜನ ಹೆಬ್ಬೆಟ್ಟು ಒತ್ತಿದ್ರು. ಕೆಲಸ ಆಯ್ತು ಅಂತ ಮಲಗಿದೆ.

ಹಳೇ ಬಾಂದು ಕಲ್ಲು ಎಲ್ಲಿತ್ತು ಅಂತ ಖಚಿತವಾಗಿ ಗೊತ್ತಿದ್ದದ್ದು ಮೂರೇ ಜನಕ್ಕೆ. ಮೂವರೂ ಎಪ್ಪತ್ತರ ಹತ್ತಿರದವರು, ಮೂವರ ಹತ್ರಾನೂ ಇರೋದು ಕೀಪ್ಯಾಡ್ ಫೋನು. ಅವರಲ್ಲಿ ಒಬ್ಬರು ನಾನು ದೊಡ್ಡವ್ವ ಅಂತ ಕರೆಯೋ ಹಿರಿಯರು. ಆವತ್ತು ಪಕ್ಕದೂರಿಗೆ ರಾಗಿ ಕೊಯ್ಲಿಗೆ ಹೋಗಿದ್ರು. ಸರ್ವೆ ನಡೀತು, ಕಲ್ಲು ತೋರಿಸೋರು ಇರಲಿಲ್ಲ. ಗೆರೆ ನಮ್ಮ ಹಿರಿಯರ ಗೋರಿಗಳ ಮೇಲೇ ಹಾದು ಹೋಯ್ತು.

ಸಂಜೆ ದೊಡ್ಡವ್ವ ಬಂದು ನಮ್ಮನೆ ಜಗುಲಿ ಮೇಲೆ ಕೂತ್ರು. ಬಯ್ಯಲಿಲ್ಲ. "ನಿಮ್ ತಾತ ಸತ್ತೋರ್ ಸುದ್ದಿ ಹೇಳಕ್ಕೆ ಹತ್ತೂರು ನಡ್ಕೊಂಡ್ ಹೋಗೋನು ಕಣಪ್ಪ. ಹತ್ತು ಮನೆ ಆಚೆಗಿರೋ ನಂಗೆ ಹೇಳಕ್ಕೆ ನಿಂಗೆ ಆಗ್ನಿಲ್ವಾ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ನಮ್ಮ ತಾತ ಊರಿನ ತೋಟಿ. ಡಂಗುರ ಸಾರೋದು, ಅಧಿಕಾರಿ ಬಂದರೆ ಮನೆಮನೆಗೆ ಹೋಗಿ ಕರೆಯೋದು, ಕಂದಾಯದ ಚೀಲ ಹೊರೋದು, ಯಾರಾದರೂ ತೀರಿಕೊಂಡರೆ ರಾತ್ರಿ ಹಗಲು ಅನ್ನದೆ ನೆಂಟರ ಊರುಗಳಿಗೆ ಸುದ್ದಿ ಒಯ್ಯೋದು. ಕೂಲಿ ಅಂದ್ರೆ ಸುಗ್ಗಿಯಲ್ಲಿ ಕೊಡೋ ಆಯದ ಕಾಳು. ಹೋಗಲ್ಲ ಅನ್ನೋ ಹಾಗಿರಲಿಲ್ಲ. ಇಡೀ ಊರಿನ ಸುದ್ದಿ ನಮ್ಮವರ ಕಾಲ ಮೇಲೆ ಓಡಾಡ್ತಿತ್ತು. ಆದರೆ ಊರು ಏನು ತೀರ್ಮಾನ ಮಾಡಬೇಕು ಅಂತ ಕೂರೋ ಕಟ್ಟೆ ಹತ್ರ ನಮ್ಮವರು ಹೋಗೋ ಹಾಗಿರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಮಹಾರಾಷ್ಟ್ರದಲ್ಲಿ ಮಹಾರ್ ವತನ್ ಅಂತ ಇದ್ದದ್ದೂ ಇಂಥದ್ದೇ ಬಿಟ್ಟಿ ಚಾಕರಿ. ಬಾಬಾಸಾಹೇಬರು 1928ರಲ್ಲಿ ಬಾಂಬೆ ಶಾಸನ ಸಭೆಯಲ್ಲಿ, ಈ ವಂಶಪಾರಂಪರ್ಯ ಚಾಕರಿಯನ್ನ ನಿಯಂತ್ರಿಸ್ತಿದ್ದ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದ್ರು. ಬೆಳಗಾವಿ, ಧಾರವಾಡ, ವಿಜಾಪುರ ಆಗ ಅದೇ ಬಾಂಬೆ ಪ್ರಾಂತ್ಯದಲ್ಲಿದ್ದವು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಕಾನೂನು ಬಂದ ಮೇಲೂ ನಮ್ಮ ತಾತ ತುಂಬಾ ವರ್ಷ ಸಾವಿನ ಸುದ್ದಿ ಹೊತ್ತುಕೊಂಡು ನಡೆದರು.

ಬೇರೆಯವರ ಸುದ್ದಿ ಹೊತ್ತ ಜನಕ್ಕೆ ತಮ್ಮ ಸುದ್ದಿ ಹೇಳ್ಕೊಳ್ಳೋಕೆ ಏನಿತ್ತು? 1920ರ ಜನವರಿ 31ರಂದು ಬಾಬಾಸಾಹೇಬರು ಮರಾಠಿಯಲ್ಲಿ 'ಮೂಕನಾಯಕ' ಪತ್ರಿಕೆ ಶುರು ಮಾಡಿದ್ರು. ಶಾಹು ಮಹಾರಾಜರು 2,500 ರೂಪಾಯಿ ನೆರವು ಕೊಟ್ಟರು. ಹೀಗೊಂದು ಪತ್ರಿಕೆ ಬರ್ತಿದೆ ಅಂತ ಜಾಹೀರಾತು ಹಾಕಿ, ದುಡ್ಡು ಕೊಡ್ತೀವಿ ಅಂದ್ರೂ ತಿಲಕರು ಕಟ್ಟಿದ 'ಕೇಸರಿ' ಪತ್ರಿಕೆ ಹಾಕಲಿಲ್ಲ. ಬೇರೆಯವರ ಕೈಯಲ್ಲಿರೋ ಮಾಧ್ಯಮ ಬಾಗಿಲು ಮುಚ್ಚೋಕೆ ಹೊತ್ತು ಬೇಕಿಲ್ಲ. ಇವತ್ತು ಆ್ಯಪ್ ಆರಿಸುವಾಗಲೂ ನಾವು ನೆನಪಿಡಬೇಕಾದ ಮೊದಲ ಪಾಠ ಇದು.

ಎರಡನೇ ಪಾಠ ಅದಕ್ಕಿಂತ ದೊಡ್ಡದು. ಪತ್ರಿಕೆ ನಮ್ಮದೇ ಆದರೂ ಓದೋಕೆ ಬರೋರು ಎಷ್ಟು ಜನ ಇದ್ರು? ಕೇರಿಯಲ್ಲಿ ಅಕ್ಷರ ಬಲ್ಲ ಒಬ್ಬ ಓದಬೇಕು, ಮಿಕ್ಕವರು ಸುತ್ತ ಕೂತು ಕೇಳಬೇಕು. ಅದೂ ಸಾಲದಾಯ್ತು. ಅಂಬೇಡ್ಕರಿ ಜಲಸಾ ತಂಡಗಳು ಊರೂರು ಸುತ್ತಿ ಹಾಡು, ನಾಟಕ, ತಮಾಷೆ ಮಾತಿನಲ್ಲಿ ಚಳವಳಿಯ ವಿಚಾರಗಳನ್ನ ಮುಟ್ಟಿಸಿದವು. ಪತ್ರಿಕೆ ಬೇಕಿತ್ತು, ಪತ್ರಿಕೆ ಮುಟ್ಟದ ಮನೆಗೆ ಹಾಡು ಬೇಕಿತ್ತು. ನಮ್ಮ ಹಿರಿಯರು ಎರಡನ್ನೂ ಇಟ್ಟುಕೊಂಡರು.

ಕರ್ನಾಟಕದಲ್ಲೂ ಹಂಗೇ. 1973ರಲ್ಲಿ ಬಿ. ಬಸವಲಿಂಗಪ್ಪನವರ ಮಾತಿನಿಂದ ಎದ್ದ ಬೂಸಾ ಗಲಾಟೆ, ಅದಾದ ಮೇಲೆ ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ಭದ್ರಾವತಿಯಿಂದ ಕಟ್ಟಿದ ದಲಿತ ಸಂಘರ್ಷ ಸಮಿತಿ. ಎಪ್ಪತ್ತರ ದಶಕದಲ್ಲಿ 'ಪಂಚಮ' ಪತ್ರಿಕೆ ಬಂತು, ಜೊತೆಗೆ ಹಾಡು ಬಂತು, ಗೋಡೆಬರಹ ಬಂತು, ಕರಪತ್ರ ಬಂತು. ಊರ ಚಾಕರಿಗೆ ಬಡಿಯುತ್ತಿದ್ದ ಅದೇ ತಮಟೆ ನಮ್ಮ ಮೆರವಣಿಗೆಯ ಮುಂದೆ ಬಂತು. ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಚಿಕ್ಕಪ್ಪ ಪೋಸ್ಟ್ ಕಾರ್ಡ್ ಕಟ್ಟು ತಂದು ಮುಂದಿಡೋರು. ಎಲ್ಲದರಲ್ಲೂ ಒಂದೇ ಒಕ್ಕಣೆ: ದಿನಾಂಕ, ಜಾಗ, ಸಮಯ, "ತಪ್ಪದೆ ಬನ್ನಿ". ಕೈ ನೋಯೋವರೆಗೂ ಬರೀತಿದ್ದೆ. ಓದೋಕೆ ಬರದವರ ಮನೆಗೆ ಕಾರ್ಡ್ ಕಳಿಸ್ತಿರಲಿಲ್ಲ, ಚಿಕ್ಕಪ್ಪ ಸೈಕಲ್ ತುಳ್ಕೊಂಡು ಹೋಗೋರು. ಅವರ ಹತ್ರ ಒಂದು ನೋಟ್ ಪುಸ್ತಕ ಇತ್ತು. ಯಾರಿಗೆ ಕಾರ್ಡು, ಯಾರಿಗೆ ಸೈಕಲ್ಲು ಅಂತ ಎರಡು ಪಟ್ಟಿ. ಆ ಎರಡನೇ ಪಟ್ಟಿಯನ್ನ ನಾನು ಯಾವಾಗ ಕಳ್ಕೊಂಡೆ ಅಂತ ಈಗ ಯೋಚನೆ ಮಾಡ್ತಿದ್ದೀನಿ.

ಕಳೆದದ್ದು ಮೊಬೈಲ್ ಬಂದ ಮೇಲೆ. 2003ರಲ್ಲಿ ಒಳಬರುವ ಕರೆಗೆ ದುಡ್ಡಿಲ್ಲ ಅಂತಾದ ಮೇಲೆ ನಮ್ಮ ಕೇರಿಗೂ ಫೋನು ಬಂತು. ಮಿಸ್ಡ್ ಕಾಲ್ ಕೊಟ್ಟರೆ ಸಭೆ ಇದೆ ಅಂತ ಅರ್ಥ. ಆಮೇಲೆ ಎಸ್ಸೆಮ್ಮೆಸ್. ಅದೂ ನಮ್ಮ ಕೈಯಲ್ಲಿಲ್ಲ ಅಂತ 2012ರ ಆಗಸ್ಟ್‌ನಲ್ಲಿ ಗೊತ್ತಾಯ್ತು. ಸುಳ್ಳು ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಜನ ಬೆಂಗಳೂರಿಂದ ರೈಲು ತುಂಬಿ ಹೊರಟಾಗ, ಕೇಂದ್ರ ಸರ್ಕಾರ ಒಂದು ಫೋನಿಂದ ದಿನಕ್ಕೆ 5 ಮೆಸೇಜ್ ಮಾತ್ರ ಅಂತ ಮಿತಿ ಹಾಕಿತು. ಐದು ಜನಕ್ಕೆ ಹೇಳಿ ಯಾವ ಪ್ರತಿಭಟನೆ ಮಾಡೋದು?

ವಾಟ್ಸಾಪ್ ನಮ್ಮವರಿಗೆ ಹತ್ತಿರ ಆಗಿದ್ದಕ್ಕೆ ದೊಡ್ಡ ಕಾರಣ ವಾಯ್ಸ್ ಮೆಸೇಜ್. 2013ರಲ್ಲಿ ಅದು ಬಂತು. ಓದು ಬರಹ ಬೇಡ, ಒತ್ತಿ ಹಿಡಿದು ಮಾತಾಡಿದ್ರೆ ಸಾಕು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು. 2017ರಲ್ಲಿ 1,500 ರೂಪಾಯಿ ಠೇವಣಿ ಇಟ್ಟರೆ ಜಿಯೋ ಫೋನ್, 2018ರಲ್ಲಿ ಆ ಕೀಪ್ಯಾಡ್ ಫೋನಿಗೂ ವಾಟ್ಸಾಪ್. ಅದೇ ವರ್ಷ ಮಾರ್ಚ್ 20ಕ್ಕೆ ಸುಪ್ರೀಂ ಕೋರ್ಟ್ ದೌರ್ಜನ್ಯ ತಡೆ ಕಾಯ್ದೆಯನ್ನ ಸಡಿಲ ಮಾಡೋ ತೀರ್ಪು ಕೊಟ್ಟಿತು. ಎರಡು ವಾರದೊಳಗೆ, ಏಪ್ರಿಲ್ 2ಕ್ಕೆ ಭಾರತ್ ಬಂದ್. ದೊಡ್ಡ ಪಕ್ಷ ಯಾವುದೂ ಮುಂದೆ ನಿಂತು ಕರೆದದ್ದಲ್ಲ, ಕರೆ ಫೋನಿಂದ ಫೋನಿಗೆ ಹೋಯ್ತು. ಪಂಜಾಬ್, ರಾಜಸ್ಥಾನ, ಮಧ್ಯಪ್ರದೇಶದ ಕಡೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ರು. ನಮ್ಮವರು ಪ್ರಾಣ ಕೊಟ್ಟರು. ಆಗಸ್ಟ್‌ನಲ್ಲಿ ಸಂಸತ್ತು ತಿದ್ದುಪಡಿ ತಂದು ಕಾಯ್ದೆಯ ಬಲ ವಾಪಸ್ ಕೊಡಬೇಕಾಯ್ತು. ಹಾಗಾಗಿ ಫೋನನ್ನ ನಾನು ಹಗುರವಾಗಿ ಮಾತಾಡಲ್ಲ.

ಆದರೆ ಹುಡುಗರು ಹೇಳೋದರಲ್ಲೂ ಸತ್ಯ ಇದೆ. 2019ರ ಅಕ್ಟೋಬರ್‌ನಲ್ಲಿ ವಾಟ್ಸಾಪ್‌ನವರೇ ಒಪ್ಪಿಕೊಂಡ್ರು: ಪೆಗಾಸಸ್ ಅನ್ನೋ ಬೇಹುಗಾರಿಕೆ ತಂತ್ರಾಂಶ ತಮ್ಮ ವಿಡಿಯೋ ಕಾಲ್ ದಾರಿಯಿಂದ ಪ್ರಪಂಚದಲ್ಲಿ ಸುಮಾರು 1,400 ಜನರನ್ನ ಗುರಿ ಮಾಡಿತ್ತು ಅಂತ. ಅದರಲ್ಲಿ ಭೀಮಾ ಕೋರೆಗಾಂವ್ ಪ್ರಕರಣದ ವಕೀಲರು, ದಲಿತ ಹೋರಾಟಗಾರರು ಇದ್ರು. 2021ರ ಜನವರಿಯಲ್ಲಿ ವಾಟ್ಸಾಪ್ ಹೊಸ ನಿಯಮ ಒಪ್ಪಿ ಅಂದಾಗ ಎಷ್ಟೋ ಜನ ಸಿಗ್ನಲ್‌ಗೆ ಹೋದ್ರು. ಸಿಗ್ನಲ್ ನಡೆಸೋದು ಲಾಭಕ್ಕಲ್ಲದ ಫೌಂಡೇಶನ್. 2024ರಿಂದ ಅದರಲ್ಲಿ ನಮ್ಮ ಫೋನ್ ನಂಬರನ್ನ ಬೇರೆಯವರಿಗೆ ಕಾಣದ ಹಾಗೆ ಇಡಬಹುದು. ವಾಟ್ಸಾಪ್ ಗ್ರೂಪಿನಿಂದ ನಂಬರ್ ಎತ್ತಿಕೊಂಡು ರಾತ್ರಿ ಕಾಲ್ ಮಾಡೋರ ಕಾಟ ನಮ್ಮ ಹೆಣ್ಣುಮಕ್ಕಳು ಅನುಭವಿಸಿದ್ದಾರೆ, ಅವರಿಗೆ ಇದರ ಬೆಲೆ ಗೊತ್ತು. ಟೆಲಿಗ್ರಾಂ ಅಂದವರಿಗೆ ಒಂದು ಮಾತು: ಅದರ ಗ್ರೂಪುಗಳಿಗೆ ಸಿಗ್ನಲ್, ವಾಟ್ಸಾಪ್‌ನಲ್ಲಿರೋ ಥರದ, ಕಳಿಸಿದವರು ಓದಿದವರು ಬಿಟ್ಟು ಬೇರೆ ಯಾರಿಗೂ ಕಾಣದ ಗೂಢಲಿಪಿ ಇಲ್ಲ. ಮತ್ತೆ, ಕಳ್ಳ ಫೋನಿನೊಳಗೇ ಕೂತರೆ ಯಾವ ಆ್ಯಪೂ ಕಾಯಲ್ಲ.

ಸರಿ, ಸಿಗ್ನಲ್‌ಗೇ ಹೋಗೋಣ ಅಂದ್ರೆ ಕೀಪ್ಯಾಡ್ ಫೋನಿಗೆ ಅದು ಬರಲ್ಲ. ವಾಟ್ಸಾಪಾದರೂ ಇರುತ್ತಾ? ಜಿಯೋ ಫೋನ್ ಥರದ ಫೋನುಗಳಿಗೆ ಹೊಸದಾಗಿ ವಾಟ್ಸಾಪ್ ಹಾಕೋದನ್ನ 2024ರಲ್ಲಿ ನಿಲ್ಲಿಸಿದ್ರು, 2025ರಲ್ಲಿ ಇದ್ದವರಿಗೂ ನಿಂತಿತು. ಕೊಟ್ಟದ್ದೂ ಅವರೇ, ಕಿತ್ಕೊಂಡದ್ದೂ ಅವರೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತಾವೇ ಬಳಸೋ ಮೊಬೈಲ್ ಇರೋ ಮಹಿಳೆಯರು ನೂರಕ್ಕೆ 54. ಅದೂ ಯಾವುದೋ ಒಂದು ಮೊಬೈಲ್, ಸ್ಮಾರ್ಟ್‌ಫೋನೇ ಅಂತ ಅಲ್ಲ. ನಮ್ಮ ಗ್ರೂಪಲ್ಲಿ "ಎಲ್ಲರಿಗೂ ತಿಳಿಸಲಾಗಿದೆ" ಅಂತ ಬರೆಯುವಾಗ ಎಲ್ಲರೂ ಅಂದ್ರೆ ಯಾರು?

ಬರೀ ಸೇಫ್ ನೋಡಿದ್ರೆ ದೊಡ್ಡವ್ವ ಹೊರಗುಳೀತಾರೆ. ಬರೀ ಅನುಕೂಲ ನೋಡಿದ್ರೆ ದೌರ್ಜನ್ಯಕ್ಕೆ ಒಳಗಾದ ಹುಡುಗಿಯ ಹೆಸರು, ವಿಳಾಸ ಊರೆಲ್ಲಾ ಸುತ್ತುತ್ತೆ. ಅದಕ್ಕೆ ಭಾನುವಾರ ಹೀಗೆ ತೀರ್ಮಾನ ಮಾಡಿದ್ವಿ.

1. ಸಭೆ, ಸರ್ವೆ, ಪ್ರತಿಭಟನೆ ಥರದ ಬಹಿರಂಗ ಸುದ್ದಿ ವಾಟ್ಸಾಪ್‌ನಲ್ಲಿ, ಬರಹದ ಜೊತೆ ವಾಯ್ಸ್ ಇರಲೇಬೇಕು. ಆದರೆ ಅಲ್ಲಿಗೆ ಕೆಲಸ ಮುಗಿಯಲ್ಲ. ಒಂದೊಂದು ಬೀದಿಗೆ ಒಬ್ಬರ ಜವಾಬ್ದಾರಿ. ಗ್ರೂಪಲ್ಲಿ ಇಲ್ಲದವರಿಗೆ ಅವರು ಕಾಲ್ ಮಾಡಬೇಕು, ಎತ್ತದಿದ್ದರೆ ಮನೆಗೆ ಹೋಗಬೇಕು. ಈ ಕೆಲಸ ಸರದಿ ಪ್ರಕಾರ, ಪದಾಧಿಕಾರಿಗಳಿಗೂ ವಿನಾಯಿತಿ ಇಲ್ಲ. ಓಡಾಟ ಒಬ್ಬರ ತಲೆಗೇ ಕಟ್ಟಿದ್ರೆ ನಾವೇ ಹೊಸ ತೋಟಿ ಮಾಡಿದ ಹಾಗಾಗುತ್ತೆ.

2. ಸಂತ್ರಸ್ತರ ವಿವರ, ಸಾಕ್ಷಿಗಳ ಹೆಸರು, ಕೇಸಿನ ಕಾಗದ ದೊಡ್ಡ ಗ್ರೂಪಿಗೆ ಹಾಕೋ ಹಾಗಿಲ್ಲ. ಅದಕ್ಕೆ ಸಿಗ್ನಲ್‌ನಲ್ಲಿ ಐದಾರು ಜನರ ಗ್ರೂಪು, ಮೆಸೇಜ್ ತಾನಾಗೇ ಅಳಿಸಿ ಹೋಗೋ ಹಾಗೆ ಇಟ್ಕೋಬೇಕು. ಹುಡುಗರೇ ಕಲಿಸ್ತಾರೆ.

3. ಹೆಣ್ಣುಮಕ್ಕಳ ನಂಬರನ್ನ ಅವರನ್ನ ಕೇಳದೆ ಯಾವ ಗ್ರೂಪಿಗೂ ಸೇರಿಸೋ ಹಾಗಿಲ್ಲ.

4. ನೆಟ್ ನಿಂತರೆ ಅಂತ ಎಲ್ಲರ ನಂಬರು, ಮನೆ ಗುರುತು ಒಂದು ನೋಟ್ ಪುಸ್ತಕದಲ್ಲಿ. ಅದು ಬೀರುವಿನಲ್ಲಿ, ಬೀಗದೊಳಗೆ.

ಹೌದು, ಚಿಕ್ಕಪ್ಪನ ಎರಡನೇ ಪಟ್ಟಿಯೇ ಅದು. ಬರೆದು ನೋಡಿದ್ರೆ ನಮ್ಮೂರೊಂದರಲ್ಲೇ ಮೂವತ್ತೊಂದು ಹೆಸರು. ಹತ್ತೊಂಬತ್ತು ಹೆಂಗಸರು.

ಸ್ಮಶಾನದ ಮರುಸರ್ವೆಗೆ ಅರ್ಜಿ ಕೊಟ್ಟಿದ್ವಿ, ಬರೋ ವಾರ ದಿನ ಸಿಕ್ಕಿದೆ. ಏನಾಗುತ್ತೋ ನೋಡಬೇಕು. ಮೊನ್ನೆ ಆಫೀಸಿಂದ ಬಂದವನು ಮನೆಗೂ ಹೋಗದೆ ನೇರ ದೊಡ್ಡವ್ವನ ಬಾಗಿಲಿಗೆ ಹೋಗಿ ದಿನ, ಹೊತ್ತು ಹೇಳಿದೆ. "ಬತ್ತೀನಿ ಕಣಪ್ಪ. ಮಿಕ್ಕಿಬ್ರಿಗೆ ನಾನೇ ಹೇಳ್ತೀನಿ, ಒಂದ್ಕಿತ ನೀನೂ ಹೋಗ್ ಹೇಳು" ಅಂದ್ರು. ಹೋಗಿ ಹೇಳಿ ಬಂದೆ.

ಓದಿದವರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಗ್ರೂಪ್ ತೆಗೆದು ಒಂದು ಸಲ ಎಣಿಸಿ. ಒಳಗಿರೋರನ್ನಲ್ಲ, ಒಳಗಿಲ್ಲದೋರನ್ನ.

ಜೈಭೀಮ್.