ಮರುಶಸ್ತ್ರಚಿಕಿತ್ಸೆಗೆ ಸಕಾಲ ಯಾವುದು?



ಪುರುಷರ ಲೈಂಗಿಕ ದೌರ್ಬಲ್ಯವು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡುವ ವಿಷಯವಲ್ಲ. ಆದರೆ ಅದರ ಮುಖ್ಯ ಕಾರಣಗಳಲ್ಲೊಂದಾದ ಮಧುಮೇಹ ನಮ್ಮಲ್ಲಿ ಮನೆಮಾತಾಗಿದೆ. ಆದ್ದರಿಂದ ಈ ಚಿಕಿತ್ಸೆಯ ಇತಿಹಾಸವನ್ನು ಸಂಕೋಚವಿಲ್ಲದೆ ಅರಿಯುವುದು ಹಿತಕರ.

1936ರಲ್ಲಿ ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಬೊಗೊರಾಸ್ ಅವರು ಪುನಾರಚಿಸಿದ ಶಿಶ್ನಕ್ಕೆ ಪಕ್ಕೆಲುಬಿನ ಮೃದ್ವಸ್ಥಿಯನ್ನು ಆಧಾರವಾಗಿ ಇರಿಸಿದುದನ್ನು ವರದಿ ಮಾಡಿದರು. ಇಂಥ ಮೃದ್ವಸ್ಥಿಯನ್ನು ದೇಹವು ಕ್ರಮೇಣ ಕರಗಿಸಿಕೊಳ್ಳುತ್ತಿತ್ತು. 1973ರಲ್ಲಿ ಅಮೆರಿಕದ ಬ್ರ್ಯಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು ದ್ರವ ತುಂಬಿ ಗಡುಸುಗೊಳಿಸುವ ಸಾಧನವನ್ನು ಪ್ರಕಟಿಸಿದರು. ಮುಂದೆ ಮುಂಬಯಿಯ ಡಾ. ರೂಪಿನ್ ಶಾ ಅವರು ಕಡಿಮೆ ಬೆಲೆಯ, ಬಾಗಿಸಬಹುದಾದ ಸಾಧನವನ್ನು ರೂಪಿಸಿದರು.

ಇಂಥ ಸಾಧನಕ್ಕೆ ಸೋಂಕು ತಗುಲಿದರೆ ರೋಗಾಣುಗಳು ಅದರ ಮೇಲೆ ಲೋಳೆಪೊರೆ ಕಟ್ಟಿಕೊಳ್ಳುತ್ತವೆ. ಔಷಧಿ ಆ ಪೊರೆಯನ್ನು ಭೇದಿಸಲಾರದು, ಸಾಧನವನ್ನು ತೆಗೆಯಲೇಬೇಕು. ತೆಗೆದು, ಗಾಯ ಮಾಯುವವರೆಗೆ ಹಲವು ತಿಂಗಳು ಕಾದು, ಬಳಿಕ ಹೊಸದನ್ನು ಇಡುವುದು ಹಿಂದಿನ ಪದ್ಧತಿಯಾಗಿತ್ತು. ಕೇಳಲು ಅದು ವಿವೇಕದ ಮಾತೇ. ಆದರೆ ಆ ಅವಧಿಯಲ್ಲಿ ಸ್ಪಂಜಿನಂಥ ಅಂಗಾಂಶವು ನಾರುಗಟ್ಟಿ ಕುಗ್ಗುತ್ತದೆ. ಅಂಗದ ಉದ್ದವೂ ಕಡಿಮೆಯಾಗುತ್ತದೆ. ಕಲೆಗಟ್ಟಿದ ಅಂಗಾಂಶದಲ್ಲಿ ಮತ್ತೆ ದಾರಿ ಬಿಡಿಸುವುದು ಅನುಭವಿ ಶಸ್ತ್ರವೈದ್ಯರಿಗೂ ಕಠಿಣ ಕಾರ್ಯ.

1996ರಲ್ಲಿ ಇಂಡಿಯಾನಾದ ಜಾನ್ ಮಲ್ಕಾಹಿ ಅವರು ಬೇರೊಂದು ಮಾರ್ಗವನ್ನು ಮುಂದಿಟ್ಟರು. ಸೋಂಕು ತಗುಲಿದ ಸಾಧನವನ್ನು ಪೂರ್ತಿಯಾಗಿ ತೆಗೆದು, ಜೀವಿರೋಧಕ, ಹೈಡ್ರೋಜನ್ ಪೆರಾಕ್ಸೈಡ್, ಅಯೋಡಿನ್ ಮುಂತಾದ ದ್ರಾವಣಗಳಿಂದ ಏಳು ಬಾರಿ ತೊಳೆದು, ಅದೇ ಶಸ್ತ್ರಚಿಕಿತ್ಸೆಯಲ್ಲಿ ಹೊಸದನ್ನು ಇರಿಸುವುದು. 2000ದಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ನೂರಕ್ಕೆ 82 ಮಂದಿಯಲ್ಲಿ ಸೋಂಕು ಮರುಕಳಿಸಲಿಲ್ಲ. ಮುಂದೆ, ತೊಳೆದ ಜಾಗದಲ್ಲಿ ಸರಳವಾದ ಬಾಗುವ ಸಾಧನವನ್ನಿಟ್ಟು ಸ್ಥಳವನ್ನು ಕಾಯ್ದುಕೊಳ್ಳುವ ಕ್ರಮವೂ ಬಳಕೆಗೆ ಬಂದಿತು.

ಹಾಗೆಂದು ಇದು ಎಲ್ಲರಿಗೂ ಸಲ್ಲದು. ಸೋಂಕು ರಕ್ತಕ್ಕೆ ಹರಡಿದ್ದರೆ, ಅಂಗಾಂಶ ಸತ್ತಿದ್ದರೆ, ಮಧುಮೇಹ ವಿಪರೀತಕ್ಕೆ ಹೋಗಿದ್ದರೆ ಮೊದಲು ಜೀವ ಉಳಿಯಬೇಕು; ಆಗ ಕಾಯುವುದೇ ಧರ್ಮ.

ಕೊಲ್ಲಿ ನಾಡಿನಲ್ಲಿರುವ ನಮಗೆ ಈ ಇತಿಹಾಸದಲ್ಲಿ ಪಾಠವೊಂದಿದೆ. 'ರಜೆಯಲ್ಲಿ ಊರಿಗೆ ಹೋದಾಗ ತೋರಿಸೋಣ' ಎಂಬುದು ನಮ್ಮ ರೂಢಿ. ಸಾಧನ ಇರಿಸಿಕೊಂಡವರಲ್ಲಿ ದಿನೇ ದಿನೇ ಹೆಚ್ಚುವ ನೋವು, ಕೆಂಪು, ಕೀವು ಕಂಡರೆ ರಜೆಯವರೆಗೆ ಕಾಯಬಾರದು. ವೈದ್ಯರು ಯೋಚಿಸಿ ಕಾಯುವುದು ಬೇರೆ, ರೋಗಿ ನಾಚಿಕೆಯಿಂದ ಕಾಯುವುದು ಬೇರೆ. ಪತಿಯ ಸಂಕೋಚವನ್ನು ಪತ್ನಿಯೂ ಮನೆಯವರೂ ಅರಿತು ಒಡನೆಯೇ ಆಸ್ಪತ್ರೆಗೆ ಕರೆತರಬೇಕೆಂದು ನನ್ನ ವಿನಂತಿ.